ಟಿಕೆಟ್‌ನಲ್ಲಿ ಯಾರ ಮೊಬೈಲ್ ನಂಬರ್ ಇದೆ ಎಂದು ಇಂದೇ ನೋಡಿಕೊಳ್ಳಿ

ಮದುವೆಗೆಂದು ವಿಮಾನದಲ್ಲಿ ಹೊರಟಿರುವವರು, ಅದರಲ್ಲೂ ಟಿಕೆಟನ್ನು ಏಜೆಂಟರಿಂದಲೋ ಗುರುತಿನವರಿಂದಲೋ ಮಾಡಿಸಿಕೊಂಡವರು, ಮೊದಲು ಒಂದು ಕೆಲಸ ಮಾಡಿ. ಟಿಕೆಟ್ ಕಾಯ್ದಿರಿಸುವಾಗ ವಿಮಾನ ಸಂಸ್ಥೆಗೆ ಕೊಟ್ಟಿರುವ ಮೊಬೈಲ್ ನಂಬರ್ ಯಾರದು ಎಂದು ವಿಚಾರಿಸಿಕೊಳ್ಳಿ. ನಮ್ಮ ಟಿಕೆಟ್‌ನಲ್ಲಿ ಅದು ಏಜೆಂಟರದಾಗಿತ್ತು. ಆ ಒಂದು ಕಾರಣಕ್ಕೆ ನಾನು ನನ್ನ ಅಕ್ಕನ ಮಗಳ ಧಾರೆಗೆ ಇರಲಾಗಲಿಲ್ಲ. ಅವಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾಗಿದ್ದ ಸೋದರಮಾವ ನಾನೊಬ್ಬನೇ.

ನಮ್ಮದು ಮೈಸೂರು. ಭಾವನವರು ರೈಲ್ವೆ ನೌಕರಿಯಲ್ಲಿ ನಾಗಪುರಕ್ಕೆ ಹೋಗಿ ಅಲ್ಲಿಯೇ ನೆಲೆಸಿದವರು. ನವೆಂಬರ್ ಕೊನೆಯ ವಾರದಲ್ಲಿ ಮದುವೆ, ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ಮುಹೂರ್ತ. ಅಮ್ಮನಿಗೆ ಎಪ್ಪತ್ತಾರು ವರ್ಷ, ಮೊಣಕಾಲು ನೋವು. ರೈಲಿನಲ್ಲಿ ಅಷ್ಟು ದೂರ ಕೂರಿಸಿಕೊಂಡು ಹೋಗುವುದು ಬೇಡವೆಂದು ವಿಮಾನದಲ್ಲಿ ಹೋಗುವುದು ಎಂದು ತೀರ್ಮಾನಿಸಿದೆವು. ಅಮ್ಮ, ನಾನು, ನನ್ನ ಹೆಂಡತಿ, ಹದಿಮೂರು ವರ್ಷದ ಮಗಳು, ಎಂಟು ವರ್ಷದ ಮಗ, ಒಟ್ಟು ಐದು ಜನ. ಬೆಂಗಳೂರಿನಿಂದ ನಾಗಪುರಕ್ಕೆ ಎರಡು ಗಂಟೆಗೂ ಕಡಿಮೆ ಹಾರಾಟ. ಮುಹೂರ್ತದ ಹಿಂದಿನ ದಿನ ಸಂಜೆ 5.35ಕ್ಕೆ ಹೊರಡುವ ವಿಮಾನವನ್ನು ಆರಿಸಿಕೊಂಡದ್ದು ನಾನೇ. ರಾತ್ರಿ ಊಟದ ಹೊತ್ತಿಗೆ ಅಕ್ಕನ ಮನೆಯಲ್ಲಿರುತ್ತೇವೆ, ವರಪೂಜೆ ತಪ್ಪಿದರೂ ಧಾರೆಗೆ ಎಲ್ಲರೂ ಇರುತ್ತೇವೆ ಎಂಬುದು ನನ್ನ ಲೆಕ್ಕವಾಗಿತ್ತು. ರಜೆ ಒಂದು ದಿನ ಉಳಿಯಲಿ ಎಂದು ಹಾಗೆ ಮಾಡಿದೆ. ಅದು ನನ್ನ ತಪ್ಪು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಟಿಕೆಟನ್ನು ನಮ್ಮ ಬಡಾವಣೆಯ ಹತ್ತಿರವೇ ಇರುವ ಒಬ್ಬ ಟ್ರಾವೆಲ್ ಏಜೆಂಟರ ಬಳಿ ಮಾಡಿಸಿದೆ. ಪರಿಚಿತರು, ತಲೆಗೆ ಏಳುನೂರು ರೂಪಾಯಿ ಕಡಿಮೆಗೆ ಕೊಡಿಸಿದರು. ಹೋಗುವ ಟಿಕೆಟ್ ಒಬ್ಬರಿಗೆ 5,650 ರೂಪಾಯಿ ಬಿತ್ತು. ಅವರು ಕೊಟ್ಟ ಮುದ್ರಿತ ಹಾಳೆಯಲ್ಲಿ ನಮ್ಮ ಹೆಸರು, ಆರು ಅಕ್ಷರಗಳ ಪಿಎನ್‌ಆರ್, ದಿನಾಂಕ, ಸಮಯ ಎಲ್ಲವೂ ಸರಿಯಾಗಿದ್ದವು. ಹೆಸರುಗಳನ್ನು ಆಧಾರ್ ಕಾರ್ಡ್‌ಗಳ ಜೊತೆ ಒಂದೊಂದಾಗಿ ಹೋಲಿಸಿ ನೋಡಿದೆ. ಆದರೆ ಆ ಹಾಳೆ ವಿಮಾನ ಸಂಸ್ಥೆಯದಲ್ಲ, ಏಜೆಂಟರ ಕಂಪ್ಯೂಟರಿನಿಂದ ಬಂದದ್ದು, ಮುದ್ರಿಸಿದ ದಿನದ ವಿವರವಷ್ಟೇ ಅದರಲ್ಲಿರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ವೆಬ್ ಚೆಕ್-ಇನ್ ನಾವೇ ಮಾಡಿಕೊಳ್ಳಬೇಕೇ ಎಂದು ಕೇಳಿದ್ದಕ್ಕೆ, "ಅದೆಲ್ಲ ನಾನೇ ಮಾಡಿ ಕಳಿಸುತ್ತೇನೆ ಸರ್, ನೀವು ಆರಾಮವಾಗಿ ಹೊರಡಿ" ಎಂದರು. ಹೊರಡುವ ದಿನ ಬೆಳಿಗ್ಗೆಯವರೆಗೂ ಬೋರ್ಡಿಂಗ್ ಪಾಸ್ ಬರಲಿಲ್ಲ. ಫೋನ್ ಮಾಡಿದರೆ ತೆಗೆಯಲಿಲ್ಲ. ನಿಲ್ದಾಣದಲ್ಲಿಯೇ ಮಾಡಿಸಿದರಾಯಿತು, ಸಮಯ ಬೇಕಾದಷ್ಟಿದೆ ಎಂದು ಸುಮ್ಮನಾದೆ.

ಬೆಳಿಗ್ಗೆ ಹತ್ತಕ್ಕೆ ಬಾಡಿಗೆ ಕಾರಿನಲ್ಲಿ ಹೊರಟೆವು. ಸೋದರಮಾವನ ಕಡೆಯಿಂದ ಹೋಗಬೇಕಾದ ಸೀರೆ, ಬಾಸಿಂಗ, ಇಪ್ಪತ್ತೊಂದು ಕೊಬ್ಬರಿ ಗಿಟುಕು, ಇವುಗಳ ಜೊತೆಗೆ ದೇವರಾಜ ಮಾರುಕಟ್ಟೆಯಲ್ಲಿ ಹೇಳಿ ಕಟ್ಟಿಸಿದ್ದ ಮೈಸೂರು ಮಲ್ಲಿಗೆಯ ಮೊಗ್ಗಿನ ಜಡೆ. ಒದ್ದೆ ಬಟ್ಟೆ, ಅದರ ಮೇಲೆ ಬಾಳೆಲೆ ಸುತ್ತಿ, ಥರ್ಮಕೋಲ್ ಡಬ್ಬಿಯಲ್ಲಿಟ್ಟು, ಸಂಜೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಬೆಳಗಿನವರೆಗೂ ಮೊಗ್ಗಾಗಿಯೇ ಇರುತ್ತದೆ ಎಂದು ಕಟ್ಟಿದವರು ಹೇಳಿದ್ದರು. ಮಗಳು ದಾರಿಯುದ್ದಕ್ಕೂ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದಳು.

ಮೂರು ಗಂಟೆಗೆ ದೇವನಹಳ್ಳಿ ಮುಟ್ಟಿದೆವು. ಒಳಗೆ ಫಲಕದಲ್ಲಿ ನಾಗಪುರದ 5.35ರ ವಿಮಾನ ಕಾಣಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿ ಪಿಎನ್‌ಆರ್ ಒತ್ತಿ ನೋಡಿ, "ಸರ್, ನಿಮ್ಮದು 11.20ಕ್ಕೇ ಹೋಯಿತಲ್ಲ" ಎಂದಳು. ನಮ್ಮ ಕಾರು ರಾಮನಗರ ದಾಟುತ್ತಿದ್ದ ಹೊತ್ತಿಗೆ ನಮ್ಮ ವಿಮಾನ ಹಾರಿಹೋಗಿತ್ತು. ಸಂಜೆಯ ವಿಮಾನವನ್ನು ರದ್ದು ಮಾಡಿ ಪ್ರಯಾಣಿಕರನ್ನು ಬೆಳಗಿನದಕ್ಕೆ ಬದಲಿಸಿದ್ದರಂತೆ. ಒಂಬತ್ತು ದಿನಗಳ ಹಿಂದೆಯೇ ಸಂದೇಶ ಕಳಿಸಲಾಗಿದೆ ಎಂದಳು. ಯಾವ ನಂಬರಿಗೆ ಎಂದು ಕೇಳಿದೆ. ಕೊನೆಯ ನಾಲ್ಕು ಅಂಕಿ ಓದಿದಳು. ನನ್ನದಲ್ಲ, ಹೆಂಡತಿಯದೂ ಅಲ್ಲ. ಫೋನ್ ತೆಗೆದು ಏಜೆಂಟರ ನಂಬರ್ ನೋಡಿದೆ, ಅದೇ ನಾಲ್ಕು ಅಂಕಿ.

ಅವರು ಕೊನೆಗೂ ಫೋನ್ ತೆಗೆದಾಗ ಹೇಳಿದ್ದು ಇಷ್ಟೇ: "ದಿನಕ್ಕೆ ಇಂಥವು ನೂರಾರು ಬರುತ್ತವೆ ಸರ್, ನೋಡಿರಲಿಲ್ಲ." ಸಿಟ್ಟು ಮಾಡಿಕೊಂಡು ಪ್ರಯೋಜನವಿರಲಿಲ್ಲ. ಆದರೆ ಪ್ರಯಾಣಿಕರ ನಂಬರಿನ ಜಾಗದಲ್ಲಿ ತಮ್ಮ ನಂಬರ್ ಬರೆದುಕೊಳ್ಳುವವರು ಆ ಸಂದೇಶಗಳನ್ನು ಓದಿ ಮುಟ್ಟಿಸುವ ಹೊಣೆಯನ್ನೂ ಹೊರಬೇಕಲ್ಲವೇ? ಗಿರಾಕಿ ನೇರವಾಗಿ ವಿಮಾನ ಸಂಸ್ಥೆಯ ಕಡೆ ಹೋಗದಿರಲಿ ಎಂಬ ಕಾರಣಕ್ಕೂ ಕೆಲವರು ಹೀಗೆ ಮಾಡುತ್ತಾರೆಂದು ಆಮೇಲೆ ಇನ್ನೊಬ್ಬ ಏಜೆಂಟರೇ ನನಗೆ ಹೇಳಿದರು.

ನಿಯಮ ಏನೆನ್ನುತ್ತದೆ ಎಂಬುದನ್ನು ಆ ರಾತ್ರಿ ಕೂತು ಓದಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನಿಯಮದ ಪ್ರಕಾರ ವಿಮಾನ ರದ್ದಾಗುವುದನ್ನು ಎರಡು ವಾರ ಮುಂಚೆ ತಿಳಿಸಬೇಕು; ಎರಡು ವಾರದೊಳಗೆ, ಆದರೆ 24 ಗಂಟೆಗೆ ಮುಂಚೆ ತಿಳಿಸಿದರೆ ಬೇರೆ ವಿಮಾನವನ್ನೋ ಹಣ ಮರುಪಾವತಿಯನ್ನೋ ಪ್ರಯಾಣಿಕರಿಗೆ ಒಪ್ಪಿಗೆಯಾಗುವಂತೆ ಕೊಡಬೇಕು. ತಿಳಿಸದೆಯೇ ರದ್ದು ಮಾಡಿದರೆ, ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ 7,500 ರೂಪಾಯಿ ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಪರಿಹಾರವಿದೆ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ: ಟಿಕೆಟ್ ಮಾಡಿಸುವಾಗ ಸರಿಯಾದ ಸಂಪರ್ಕ ವಿವರ ಕೊಡದ ಪ್ರಯಾಣಿಕರಿಗೆ ಈ ಪರಿಹಾರ ಸಲ್ಲುವುದಿಲ್ಲ. ನಮ್ಮ ಕೈ ಕಟ್ಟಿಹಾಕಿದ್ದು ಆ ಸಾಲು. ವಿಮಾನ ಸಂಸ್ಥೆಯ ಲೆಕ್ಕದಲ್ಲಿ ನಮಗೆ ವಿಷಯ ತಿಳಿಸಿಯಾಗಿತ್ತು.

ಎರಡು ಗಂಟೆ ಕೌಂಟರಿನ ಮುಂದೆ ನಿಂತು ಬೇಡಿಕೊಂಡ ಮೇಲೆ ಮರುದಿನ ಬೆಳಿಗ್ಗೆ 6.40ರ ವಿಮಾನದಲ್ಲಿ ಹೆಚ್ಚುವರಿ ಹಣವಿಲ್ಲದೆ ಜಾಗ ಕೊಡುವುದಾಗಿ ಹೇಳಿದರು. ಆದರೆ ಇದ್ದದ್ದು ಮೂರೇ ಸೀಟು. ಅಂದು ಸಂಜೆ ಬೇರೆ ಸಂಸ್ಥೆಗಳಲ್ಲಿ ಹೈದರಾಬಾದ್ ಮೇಲೆ ಹೋಗುವ ವಿಮಾನವೂ ಭರ್ತಿಯಾಗಿತ್ತು. ಅಮ್ಮ ಗಾಲಿಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನನ್ನ ಹೆಂಡತಿಯೇ ಮುಂದಾಗಿ, "ನೀವು, ಅತ್ತೆ, ಮಗಳು ಹೋಗಿ. ಇವನನ್ನು ಕರೆದುಕೊಂಡು ನಾನು ಮನೆಗೆ ಹೋಗುತ್ತೇನೆ" ಎಂದಳು. ಮಗ ಹೊಸ ಜುಬ್ಬಾ ತೋರಿಸಿ ಅತ್ತ. ಅವರಿಬ್ಬರು ಫ್ಲೈಬಸ್ ಹತ್ತಿ ರಾತ್ರಿ ಮೈಸೂರು ಸೇರಿದರು. ನಾವು ಮೂವರು ಸಾದಹಳ್ಳಿ ಗೇಟಿನ ಬಳಿ 3,200 ರೂಪಾಯಿಗೆ ಒಂದು ಕೋಣೆ ಹಿಡಿದು, ಜಡೆಯ ಡಬ್ಬಿಯನ್ನು ಹೋಟೆಲಿನವರ ಅಡುಗೆಮನೆಯ ಫ್ರಿಜ್ಜಿನಲ್ಲಿ ಇಡಿಸಿದೆವು.

ಬೆಳಗಿನ ಜಾವ ಇನ್ನೊಂದು ಪಾಠವಾಯಿತು. ಕಳಿಸಿದ ಲಗೇಜಿನ ತಪಾಸಣೆಯಲ್ಲಿ ನಮ್ಮ ಸೂಟ್‌ಕೇಸ್ ತಡೆದು, ನನ್ನನ್ನು ಕರೆಸಿ ತೆಗೆಸಿದರು. ಒಳಗಿದ್ದ ಕೊಬ್ಬರಿ ಗಿಟುಕುಗಳಿಗಾಗಿ. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದು ಸೇರಿದೆ. ನಮ್ಮ ಕಡೆ ಕೊಬ್ಬರಿಯಿಲ್ಲದೆ ಶುಭಕಾರ್ಯವಿಲ್ಲ. ಆದ್ದರಿಂದ ಮದುವೆಗೆ ಹೋಗುವವರು ಇದನ್ನು ನೆನಪಿಡಿ, ಮುಟ್ಟುವ ಊರಿನಲ್ಲೇ ಕೊಳ್ಳಿ. ಇಪ್ಪತ್ತೊಂದು ಗಿಟುಕುಗಳನ್ನೂ ಅಲ್ಲಿಯೇ ಒಂದು ಬುಟ್ಟಿಗೆ ಹಾಕಿಸಿದರು. ಅವಕ್ಕೆ ಅಮ್ಮ ಹಿಂದಿನ ದಿನವಷ್ಟೇ ಅರಿಸಿನ ಕುಂಕುಮ ಹಚ್ಚಿದ್ದಳು.

ಆಮೇಲೆ ಮಂಜು. ನವೆಂಬರಿನಿಂದ ಫೆಬ್ರವರಿಯವರೆಗೆ ದೇವನಹಳ್ಳಿಯ ಆ ಬಯಲಿನಲ್ಲಿ ಬೆಳಗಿನ ಹೊತ್ತು ಮಂಜು ಕವಿಯುವುದು ಹೊಸದಲ್ಲ. ಆ ತಿಂಗಳುಗಳಲ್ಲಿ ಮುಂಜಾನೆಯ ವಿಮಾನ ನಂಬಿ ಅದೇ ದಿನದ ಮುಹೂರ್ತಕ್ಕೆ ಹೊರಡುವುದು ಸರಿಯಲ್ಲ. ನಮಗೆ ಬೇರೆ ದಾರಿಯಿರಲಿಲ್ಲ. 6.40 ಹೋಗಿ 7.30 ಆಯಿತು, 8.15 ಆಯಿತು. ಇಷ್ಟು ಚಿಕ್ಕ ಹಾರಾಟದಲ್ಲಿ ಎರಡು ಗಂಟೆಗಿಂತ ಹೆಚ್ಚು ತಡವಾದರೆ ತಿಂಡಿ ಕೊಡಬೇಕೆಂಬ ನಿಯಮವಿದೆ. ಕೇಳಿದ ಮೇಲೆ ಕೊಟ್ಟರು, ಅಮ್ಮ ಮುಟ್ಟಲಿಲ್ಲ. ಹವಾಮಾನದಿಂದಾದ ತಡಕ್ಕೆ ಹಣದ ಪರಿಹಾರ ಇಲ್ಲ. ಒಂಬತ್ತಕ್ಕೆ ಒಳಗೆ ಕೂರಿಸಿದರು, ಮುಂದೆ ಸಾಲಿನಲ್ಲಿ ಹಲವು ವಿಮಾನಗಳಿದ್ದವು.

ಮುಹೂರ್ತದ ಹೊತ್ತಿಗೆ ನಾವು ಬೆಂಗಳೂರಿನಲ್ಲಿಯೇ, ನೆಲದ ಮೇಲೆಯೇ, ಬೆಲ್ಟ್ ಕಟ್ಟಿಕೊಂಡು ಕೂತಿದ್ದೆವು. ಅಕ್ಕನ ಮೈದುನನ ಮಗ ವಿಡಿಯೊ ಕರೆ ಮಾಡಿದ. ಮಗಳು ಫೋನನ್ನು ಅಮ್ಮನ ಮುಖದ ಮುಂದೆ ಹಿಡಿದಳು. ನಾನು ಹಿಡಿಯಬೇಕಾಗಿದ್ದ ಕೈಯನ್ನು ಭಾವನವರ ತಮ್ಮ ಹಿಡಿದು ಹುಡುಗಿಯನ್ನು ಕರೆತರುತ್ತಿದ್ದರು. ಅಂತರಪಟ ಹಿಡಿದಿದ್ದರು, ಜೀರಿಗೆ ಬೆಲ್ಲ ಕೈಯಲ್ಲಿತ್ತು, ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಅಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ, ಮನೆಯಿಂದ ತಂದಿದ್ದ ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಆಯಿತೇನೋ? ಪಟ ಸರಿಸಿದರೇನೋ?" ಎಂದು ನನ್ನನ್ನು ಕೇಳುತ್ತಲೇ ಇದ್ದಳು. ಅಷ್ಟರಲ್ಲಿ ಫೋನ್ ಆಫ್ ಮಾಡಿ ಎಂದು ಹೇಳಿಹೋದರು. ನಾಗಪುರದಲ್ಲಿ ಇಳಿದಾಗ ಹನ್ನೊಂದೂವರೆ ದಾಟಿತ್ತು. ಕಲ್ಯಾಣ ಮಂಟಪದಲ್ಲಿ ಮೊದಲ ಪಂಕ್ತಿ ಎದ್ದಿತ್ತು. ಡಬ್ಬಿ ತೆರೆದರೆ ಮೊಗ್ಗುಗಳೆಲ್ಲ ಅರಳಿ, ಎಸಳಿನ ಅಂಚು ಕಂದಿದ್ದವು. ಅಕ್ಕ ಜಡೆಯನ್ನು ಎತ್ತಿ ನೋಡಿ, ಏನೂ ಹೇಳದೆ ಮತ್ತೆ ಡಬ್ಬಿಗೇ ಇಟ್ಟಳು.

ಹಣದ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿಯೂ ಏಜೆಂಟರ ಮೂಲಕ ಹೋದವರಿಗೆ ಒಂದು ತೊಡಕಿದೆ. ಹೋಗದೆ ಉಳಿದ ಇಬ್ಬರ 11,300 ರೂಪಾಯಿಯನ್ನು ವಿಮಾನ ಸಂಸ್ಥೆ ಹಿಂದಿರುಗಿಸಿತು, ಆದರೆ ನಮಗಲ್ಲ, ಏಜೆಂಟರ ಖಾತೆಗೆ. ಅವರು ಇನ್ನೂ ಬಂದಿಲ್ಲ ಎನ್ನುತ್ತಲೇ ಇದ್ದರು. ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ಕೊಟ್ಟ ಮೇಲೆ, ಯಾವ ದಿನ ಹಣ ಜಮೆಯಾಗಿದೆ ಎಂದು ವಿಮಾನ ಸಂಸ್ಥೆ ಬರವಣಿಗೆಯಲ್ಲಿ ತಿಳಿಸಿತು. ಆ ಪತ್ರ ತೋರಿಸಿದಾಗ, ನಲವತ್ತೊಂದನೆಯ ದಿನ ನಮ್ಮ ಕೈಗೆ ಬಂತು. ಏಜೆಂಟರಿಂದ ಕೊಂಡಿದ್ದರೂ ಮರುಪಾವತಿಯ ಹೊಣೆ ವಿಮಾನ ಸಂಸ್ಥೆಯದೇ ಎಂದು ಡಿಜಿಸಿಎ ನಿಯಮ ಹೇಳುತ್ತದೆ, ಇದನ್ನು ಗಟ್ಟಿಯಾಗಿ ಹೇಳಿ ಕೇಳಿ. ಅವರಿಬ್ಬರ ಹಿಂದಿರುಗುವ ಟಿಕೆಟ್ ಬೇರೆಯಾಗಿ ಮಾಡಿಸಿದ್ದರಿಂದ ಅದನ್ನು ನಾವೇ ರದ್ದು ಮಾಡಬೇಕಾಯಿತು. ಅಲ್ಲಿ ಮೂಲ ದರ ಪೂರ್ತಿ ಹೋಯಿತು. ಆದರೆ ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕವನ್ನು ಮೀರುವಂತಿಲ್ಲ, ತೆರಿಗೆ ಮತ್ತು ನಿಲ್ದಾಣ ಬಳಕೆಯ ಶುಲ್ಕವನ್ನು ಹಿಂದಿರುಗಿಸಲೇಬೇಕು. ಏಜೆಂಟರು ಇದನ್ನು ತಾವಾಗಿ ಹೇಳಲಿಲ್ಲ, ಕೇಳಿ ಪಡೆದೆವು.

ಟಿಕೆಟ್ ಈಗಾಗಲೇ ಕೈಯಲ್ಲಿರುವವರು ವಿಮಾನ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಪಿಎನ್‌ಆರ್ ಮತ್ತು ಹೆಸರು ಹಾಕಿ ಸಮಯವನ್ನು ನೋಡಿ. ಅಲ್ಲಿ ಕಾಣುವ ಫೋನ್ ನಂಬರ್, ಇಮೇಲ್ ನಿಮ್ಮದಲ್ಲದಿದ್ದರೆ ಗ್ರಾಹಕ ಸೇವೆಗೆ ಕರೆ ಮಾಡಿ ಬದಲಿಸಿಕೊಳ್ಳಿ. ವಾರಕ್ಕೊಮ್ಮೆ, ಕೊನೆಯ ಮೂರು ದಿನ ದಿನಕ್ಕೊಮ್ಮೆ ನೋಡಿ. ವೆಬ್ ಚೆಕ್-ಇನ್ ಅನ್ನು ಬೇರೆಯವರ ಕೈಗೆ ಬಿಡಬೇಡಿ. ನಾನೇ ಮಾಡಿಕೊಂಡಿದ್ದರೆ ಎರಡು ದಿನ ಮುಂಚೆಯೇ ಬದಲಾದ ಸಮಯ ಕಣ್ಣಿಗೆ ಬೀಳುತ್ತಿತ್ತು. ಧಾರೆಯಲ್ಲಿ ಕೈ ಹಿಡಿಯಬೇಕಾದವರು, ಹಸೆಮಣೆಯ ಬಳಿ ಇರಲೇಬೇಕಾದ ಹಿರಿಯರು ಒಂದು ಇಡೀ ದಿನ ಮುಂಚೆ ಊರು ಸೇರಿರಿ, ರಜೆ ಹೋದರೆ ಹೋಗಲಿ.

ನನ್ನ ದೂರು ಈಗ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೋಗಲಿದೆ, ಏಜೆಂಟರ ವಿರುದ್ಧ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯಲ್ಲಿಯೇ, ಘಟನೆ ನಡೆದ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲು ವಿಚಾರಿಸಬೇಕೆನ್ನುವವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಏಜೆಂಟರು ಕೊಟ್ಟ ಹಾಳೆ, ಹಣ ಕಟ್ಟಿದ ರಸೀದಿ, ಸಂದೇಶ ಯಾವ ನಂಬರಿಗೆ ಹೋಯಿತೆಂಬ ವಿಮಾನ ಸಂಸ್ಥೆಯ ಉತ್ತರ, ಈ ಮೂರನ್ನೂ ಜೋಡಿಸಿಟ್ಟುಕೊಂಡಿದ್ದೇನೆ. ಇದೇ ತೊಂದರೆಗೆ ಸಿಕ್ಕಿದವರು ಯಾರಾದರೂ ಇದ್ದರೆ ತಿಳಿಸಿ, ನಾನು ಬರೆದ ದೂರಿನ ಪ್ರತಿಯನ್ನು ಕಳಿಸಿಕೊಡುತ್ತೇನೆ.