ಚಿತ್ರಕಲೆ ಕಲಿಸಲು ಅಂತರ್ಜಾಲ: ಯಾವುದು ಮಕ್ಕಳಿಗೆ, ಯಾವುದು ಶಿಕ್ಷಕರಿಗೆ

ಚಿತ್ರಕಲೆಯ ಪಾಠಕ್ಕೆಂದು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದಕ್ಕೇನೂ ಕೊರತೆಯಿಲ್ಲ. ಸಿಕ್ಕಿದ್ದರಲ್ಲಿ ತರಗತಿಗೆ ಒದಗುವುದು ಯಾವುದು ಎಂಬುದೇ ತಲೆನೋವು. ಮೂರರಿಂದ ಏಳನೆಯ ತರಗತಿಯವರೆಗಿನ ಮಕ್ಕಳೊಂದಿಗೆ ಬಳಸಿ ನೋಡಿದ ಕೆಲವನ್ನು ಇಲ್ಲಿ ಅಕ್ಕಪಕ್ಕ ಇಟ್ಟಿದ್ದೇನೆ. ನನ್ನ ಅಳತೆಗೋಲು ಒಂದೇ: ಪರದೆ ಆರಿಸಿದ ಮೇಲೆ ಮಕ್ಕಳ ಕೈ ಏನು ಮಾಡುತ್ತದೆ? ಪರದೆ ಬೆಳಗುತ್ತಿರುವಷ್ಟು ಹೊತ್ತು ಎಲ್ಲ ಜಾಲತಾಣಗಳೂ ಚೆನ್ನಾಗಿಯೇ ಕಾಣುತ್ತವೆ.

ಹೆಚ್ಚಿನ ಶಿಕ್ಷಕರು ಮೊದಲು ಕೈಹಾಕುವುದು ನೋಡಿ ಬಿಡಿಸುವ ವಿಡಿಯೊಗಳಿಗೆ. ಈ ಬಗೆಯಲ್ಲಿ ನನಗೆ ಹಿಡಿಸಿದ್ದು ‘ಆರ್ಟ್ ಫಾರ್ ಕಿಡ್ಸ್ ಹಬ್’ ಎಂಬ ಯೂಟ್ಯೂಬ್ ಚಾನೆಲ್. ಅಪ್ಪ ತನ್ನ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರ್ಕರ್‌ನಿಂದ ನೇರವಾಗಿ ಬಿಡಿಸುತ್ತಾ ಹೋಗುತ್ತಾರೆ. ಇಬ್ಬರ ಹಾಳೆಗಳೂ ಒಟ್ಟಿಗೇ ಕಾಣುತ್ತವೆ. ದೊಡ್ಡವರ ಗೆರೆ ನೆಟ್ಟಗೆ ಬಂದಲ್ಲಿ ಮಗುವಿನ ಗೆರೆ ಸೊಟ್ಟಗಾಗಿರುತ್ತದೆ, ಅದನ್ನು ಅಳಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ರಬ್ಬರನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಚಿತ್ರ ಶುರುಮಾಡುವ ಮಕ್ಕಳಿಗೆ ಇದು ಕೊಡುವ ಧೈರ್ಯವನ್ನು ನನ್ನ ಯಾವ ಉಪದೇಶವೂ ಕೊಟ್ಟಿಲ್ಲ.

ಆದರೆ ಈ ಪ್ರಕಾರಕ್ಕೇ ಒಂದು ಮಿತಿಯಿದೆ. ಹತ್ತು ಹೆಜ್ಜೆಗಳಲ್ಲಿ ಸಿಂಹ ಕಲಿತ ತರಗತಿಗೆ ಮರುವಾರ ‘ಮಲಗಿದ ಸಿಂಹ ಬಿಡಿಸಿ’ ಎಂದರೆ ಪೆನ್ಸಿಲ್‌ಗಳು ನಿಂತುಬಿಡುತ್ತವೆ. ಅವರು ಕಲಿತದ್ದು ಸಿಂಹವನ್ನಲ್ಲ, ಹೆಜ್ಜೆಗಳ ಕ್ರಮವನ್ನು. ಜಾಹೀರಾತಿನ ಕಾಟ ಬೇರೆ. ಹೆಸರು ಬೇಡದ ಇನ್ನೊಂದು ಚಾನೆಲ್‌ನಲ್ಲಿ ಕುದುರೆಯ ಕಿವಿ ಬರೆಯುವ ಹೊತ್ತಿಗೆ ಜಾಹೀರಾತು ನುಗ್ಗಿ, ಅದು ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನವರು ಒಬ್ಬರ ಕುದುರೆಗೆ ಇನ್ನೊಬ್ಬರು ಮೀಸೆ ಬರೆದಿದ್ದರು. ಶಿಕ್ಷಕರಿಲ್ಲದ ದಿನ ಬದಲಿಗೆ ಬಂದವರು ತರಗತಿ ನಿಭಾಯಿಸಲು ಈ ವಿಡಿಯೊಗಳು ಉತ್ತಮ. ವರ್ಷವಿಡೀ ಇದೇ ಆದರೆ ಗೋಡೆಯ ತುಂಬ ಒಂದೇ ಸಿಂಹ.

ಮ್ಯೂಸಿಯಂಗಳ ತಾಣಗಳಿಗೆ ಬರೋಣ. ನನ್ನ ಒಲವು ಈ ಕಡೆಗೇ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ.

‘ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್’ 2011ರಲ್ಲಿ 17 ಮ್ಯೂಸಿಯಂಗಳೊಂದಿಗೆ ಆರಂಭವಾಯಿತು. ಈಗ ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿವೆ. ವ್ಯಾನ್ ಗೋನ ‘ನಕ್ಷತ್ರಗಳ ರಾತ್ರಿ’ಯನ್ನು ಇಲ್ಲಿ ಹಿಗ್ಗಿಸುತ್ತಾ ಹೋದರೆ ಬಣ್ಣ ದಪ್ಪಗೆ ಏರಿದ ದಿಬ್ಬಗಳು ಕಾಣುತ್ತವೆ, ಕುಂಚದ ಎರಡು ಎಳೆತಗಳ ನಡುವೆ ಬಣ್ಣ ತಾಗದ ಬರಿಯ ಕ್ಯಾನ್ವಾಸ್ ಕೂಡ ಕಾಣುತ್ತದೆ. ‘ಇಲ್ಲಿ ಬಣ್ಣ ಹಚ್ಚುವುದನ್ನೇ ಮರೆತಿದ್ದಾರೆ ಟೀಚರ್’ ಎಂದು ಮಕ್ಕಳು ಕೂಗಿದರು. ಖಾಲಿ ಜಾಗ ಉಳಿದರೆ ಅಂಕ ಹೋಗುತ್ತದೆ ಎಂದುಕೊಂಡಿದ್ದವರಿಗೆ ಆ ದಿನ ದೊಡ್ಡ ಸಮಾಧಾನ. ತೊಂದರೆಯೆಂದರೆ ಈ ತಾಣ ಒಂದು ದೊಡ್ಡ ಉಗ್ರಾಣದಂತೆ. ಒಂದನ್ನು ಹುಡುಕಲು ಹೋದವರು ಬಣ್ಣ ತುಂಬುವ ಆಟ, ಜಿಗ್ಸಾ ಆಟ ಎಂದು ಬೇರೆಲ್ಲೋ ಸೇರಿರುತ್ತಾರೆ. ಜೊತೆಗೆ, ಇಲ್ಲಿನ ಚಿತ್ರಗಳನ್ನು ಸಾಮಾನ್ಯವಾಗಿ ಅಲ್ಲಿಯೇ ನೋಡಬೇಕು, ಇಳಿಸಿಕೊಳ್ಳುವ ಗುಂಡಿ ಇಲ್ಲ. ನೆಟ್‌ವರ್ಕ್ ಕೈಕೊಟ್ಟರೆ ಪಾಠವೂ ಕೈಕೊಟ್ಟಂತೆ.

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಈ ವಿಷಯದಲ್ಲಿ ಮುಂದೆ. ಮೆಟ್ 2017ರ ಫೆಬ್ರುವರಿಯಲ್ಲಿ ಹಕ್ಕುಸ್ವಾಮ್ಯದಿಂದ ಮುಕ್ತವಾದ ತನ್ನ ಸುಮಾರು 3,75,000 ಚಿತ್ರಗಳನ್ನು ಯಾರು ಬೇಕಾದರೂ ಅನುಮತಿ ಕೇಳದೆ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿತು. ರೈಕ್ಸ್‌ಮ್ಯೂಸಿಯಂ 2012ರಲ್ಲೇ ‘ರೈಕ್ಸ್‌ಸ್ಟುಡಿಯೊ’ ಆರಂಭಿಸಿ ಇದೇ ದಾರಿ ಹಿಡಿದಿತ್ತು. ಹಿಂದಿನ ದಿನ ಇಳಿಸಿಕೊಂಡು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡರೆ ತರಗತಿಯಲ್ಲಿ ಅಂತರ್ಜಾಲವೇ ಬೇಡ.

ಎರಡರಲ್ಲಿ ಯಾವುದು ಎಂದು ಕೇಳಿದರೆ, ಹುಡುಕಾಟಕ್ಕೆ ಮೆಟ್, ದಿಟ್ಟಿಸಿ ನೋಡುವುದಕ್ಕೆ ರೈಕ್ಸ್. ರೆಂಬ್ರಾಂಟ್‌ನ ‘ನೈಟ್ ವಾಚ್’ ಚಿತ್ರದ 717 ಗಿಗಾಪಿಕ್ಸೆಲ್ (ಎಂದರೆ 71,700 ಕೋಟಿ ಚುಕ್ಕಿಗಳ) ಛಾಯಾಚಿತ್ರವನ್ನು ರೈಕ್ಸ್‌ಮ್ಯೂಸಿಯಂ 2022ರಲ್ಲಿ ಪ್ರಕಟಿಸಿತು. 8,439 ಬಿಡಿ ಫೋಟೊಗಳನ್ನು ಜೋಡಿಸಿದ ಚಿತ್ರ ಅದು. ಗುಂಪಿನ ನಡುವೆ ಬೆಳಕಿನಲ್ಲಿ ನಿಂತ ಹುಡುಗಿಯ ಸೊಂಟಕ್ಕೆ ಕೋಳಿಯೊಂದು ನೇತಾಡುತ್ತಿರುವುದನ್ನು ಮಕ್ಕಳು ನನಗಿಂತ ಮೊದಲು ಹಿಡಿದರು. ಹಿಂದುಗಡೆ ಭುಜಗಳ ಸಂದಿಯಿಂದ ಇಣುಕುವ ಒಂದು ಕಣ್ಣು ಮತ್ತು ಟೋಪಿ ರೆಂಬ್ರಾಂಟ್‌ನದೇ ಎಂದು ಹಲವರು ನಂಬುತ್ತಾರೆ ಎಂದಾಗಲಂತೂ ಎಲ್ಲರೂ ಪರದೆಯ ಮುಂದೆ ಜಮಾಯಿಸಿದರು.

ಈ ಗುಂಪಿನಲ್ಲಿ ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಮಾತ್ರ ಇವೆರಡೂ ಅಲ್ಲ, ‘ಇನ್‌ಸೈಡ್ ಬ್ರೂಗೆಲ್’ ಎಂಬ ಪುಟ್ಟ ತಾಣ. ವಿಯೆನ್ನಾದ ಕಲಾ ಇತಿಹಾಸ ಮ್ಯೂಸಿಯಂನಲ್ಲಿರುವ ಪೀಟರ್ ಬ್ರೂಗೆಲ್‌ನ ಹನ್ನೆರಡು ಚಿತ್ರಗಳಷ್ಟೇ ಅಲ್ಲಿವೆ. ಅದೇ ಚಿತ್ರದ ಎಕ್ಸ್-ರೇ ಮತ್ತು ಅವಕೆಂಪು ಕಿರಣದ ಛಾಯಾಚಿತ್ರಗಳನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಬಣ್ಣದ ಕೆಳಗೆ ಕಲಾವಿದ ಮೊದಲು ಹಾಕಿಕೊಂಡ ಗೆರೆಗಳು ಅವಕೆಂಪು ಚಿತ್ರದಲ್ಲಿ ಕಾಣುತ್ತವೆ. ನಾನು ಆರಿಸಿಕೊಂಡದ್ದು 1560ರ ‘ಮಕ್ಕಳ ಆಟಗಳು’. ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತರಷ್ಟು ಆಟಗಳು. ಬಳೆ ಉರುಳಿಸುವವರು, ಮರಗಾಲಿನ ಮೇಲೆ ನಡೆಯುವವರು, ಬಗ್ಗಿದವರ ಬೆನ್ನ ಮೇಲಿಂದ ಹಾರುವವರು. ಮುಖಗಳೆಲ್ಲ ಚಿಕ್ಕವು, ಯಾವ ಆಟ ಎಂಬುದನ್ನು ಮೈಯ ಬಾಗಿನಿಂದಲೇ ತಿಳಿಯಬೇಕು.

ಪ್ರೊಜೆಕ್ಟರ್ ಆರಿಸಿ, ‘ನೀವು ಆಡುವ ಒಂದು ಆಟ ಬರೆಯಿರಿ, ಆದರೆ ಮುಖಕ್ಕೆ ಕಣ್ಣುಮೂಗು ಬರೆಯುವಂತಿಲ್ಲ’ ಎಂದೆ. ಎರಡು ನಿಮಿಷ ಗೊಣಗಾಟ. ಆಮೇಲೆ ಐದನೆಯ ತರಗತಿಯ ಹುಡುಗನೊಬ್ಬ ಪಕ್ಕದವನನ್ನು ಎಬ್ಬಿಸಿ ಬಗ್ಗಿಸಿ ನಿಲ್ಲಿಸಿ, ಸುತ್ತ ಒಂದು ಸುತ್ತು ಬಂದು, ‘ಬಗ್ಗಿದರೆ ಕೈ ಮಂಡಿಯವರೆಗೂ ಬರುತ್ತದೆ’ ಎಂದು ತನಗೇ ಹೇಳಿಕೊಂಡು ಕುಳಿತು ಬರೆದ. ಅವನ ಹಾಳೆಯಲ್ಲಿದ್ದ ಆಕೃತಿಯ ತಲೆ ದೊಡ್ಡದು, ಕಾಲು ಗಿಡ್ಡ. ಬೆನ್ನಿನ ಬಾಗು ಮಾತ್ರ ಸರಿಯಾಗಿತ್ತು. ಅದನ್ನು ಅವನು ಯಾವ ವಿಡಿಯೊದಿಂದಲೂ ಎತ್ತಿಕೊಂಡಿರಲಿಲ್ಲ, ಕಣ್ಣಾರೆ ನೋಡಿದ್ದ. ನಾನು ಹುಡುಕುತ್ತಿದ್ದದ್ದು ಇದನ್ನೇ.

ಮಕ್ಕಳಿಗೆಂದೇ ಮಾಡಿದ ತಾಣಗಳಲ್ಲಿ ‘ಮೆಟ್‌ಕಿಡ್ಸ್’ ಮತ್ತು ‘ಟೇಟ್ ಕಿಡ್ಸ್’ ನೇರ ಪೈಪೋಟಿಗಾರರು. ಮೆಟ್‌ಕಿಡ್ಸ್‌ನಲ್ಲಿ ಇಡೀ ಮ್ಯೂಸಿಯಂನ ಚಿತ್ರಿತ ನಕ್ಷೆಯಿದೆ, ಕಾಲವನ್ನೂ ಜಾಗವನ್ನೂ ಆರಿಸಿಕೊಂಡು ಕಲಾಕೃತಿ ಹುಡುಕಬಹುದು. ಕುತೂಹಲ ಹುಟ್ಟಿಸುತ್ತದೆ, ಆದರೆ ಓದಲು ಬಹಳ ಇದೆ, ಅದೂ ಇಂಗ್ಲಿಷಿನಲ್ಲಿ. ಲಂಡನ್ನಿನ ಟೇಟ್ ಮ್ಯೂಸಿಯಂನದು ಮಾಡಿ ನೋಡುವ ಕಡೆಗೆ ವಾಲಿದ ತಾಣ. ಮಾತು ಕಡಿಮೆ, ಕತ್ತರಿ–ಅಂಟಿನ ಕೆಲಸ ಹೆಚ್ಚು. ಇಂಗ್ಲಿಷ್ ಅಷ್ಟಾಗಿ ಬಾರದ ಮಕ್ಕಳಿರುವ ತರಗತಿಗೆ ಟೇಟ್ ಎಂದು ಅನುಮಾನವಿಲ್ಲದೆ ಹೇಳುತ್ತೇನೆ. ಮತೀಸ್ 1953ರಲ್ಲಿ ಬಣ್ಣ ಬಳಿದ ಕಾಗದ ಕತ್ತರಿಸಿ ಮಾಡಿದ ‘ಬಸವನಹುಳು’ ಟೇಟ್‌ನಲ್ಲೇ ಇದೆ, ಕಾಗದದ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಸಿಕ್ಕಿಲ್ಲ.

ಯಾವ ತಾಣವೂ ಪರದೆಯ ಮೇಲೆ ತೋರಿಸಲಾಗದ್ದು ಅಳತೆ. ಜಪಾನಿನ ಕಲಾವಿದ ಹೊಕುಸಾಯ್‌ನ ‘ದೊಡ್ಡ ಅಲೆ’ ಮರದಚ್ಚಿನ ಮುದ್ರಣ, ಸುಮಾರು 26 ಸೆಂಟಿಮೀಟರ್ ಎತ್ತರ, 38 ಅಗಲ. ‘ಬಸವನಹುಳು’ ಎರಡೂ ಕಡೆ 286 ಸೆಂಟಿಮೀಟರಿನಷ್ಟಿದೆ. ಪ್ರೊಜೆಕ್ಟರ್ ಎರಡನ್ನೂ ಒಂದೇ ಗಾತ್ರ ಮಾಡಿಬಿಡುತ್ತದೆ. ನೆಲದ ಮೇಲೆ ಸೀಮೆಸುಣ್ಣದಿಂದ ಬಸವನಹುಳುವಿನ ಚೌಕ ಎಳೆಸಿದೆ. ತರಗತಿಯ ಬಹುಪಾಲು ಮಕ್ಕಳು ಅದರೊಳಗೆ ಹಿಡಿದರು. ಅಲೆಯ ಚಿತ್ರದಲ್ಲಿ ಬೇರೆ ತಮಾಷೆ: ದೂರದ ಫ್ಯೂಜಿ ಬೆಟ್ಟವನ್ನು ಹೆಚ್ಚಿನವರು ಇನ್ನೊಂದು ಅಲೆ ಎಂದೇ ತಿಳಿದಿದ್ದರು.

ಚಿತ್ರ ತೋರಿಸಿ ಸುಮ್ಮನಿರಬೇಕು, ವಿವರಣೆಗೆ ಇಳಿಯಬಾರದು. ಅದಕ್ಕೆ ಫಿಲಿಪ್ ಯೆನವೈನ್ ಮತ್ತು ಅಬಿಗೇಲ್ ಹೌಸೆನ್ ರೂಪಿಸಿದ ವಿಧಾನದ ಮೂರು ಪ್ರಶ್ನೆಗಳು ಸಾಕು: ಚಿತ್ರದಲ್ಲಿ ಏನು ನಡೆಯುತ್ತಿದೆ, ಏನನ್ನು ನೋಡಿ ಹಾಗೆ ಹೇಳುತ್ತೀರಿ, ಇನ್ನೇನು ಕಾಣುತ್ತದೆ. ಎರಡನೆಯದೇ ಜೀವಾಳ. ಬಾಯಿಗೆ ಬಂದದ್ದನ್ನು ಹೇಳುವವರೂ ಮತ್ತೆ ಚಿತ್ರದ ಕಡೆ ತಿರುಗಲೇಬೇಕಾಗುತ್ತದೆ.

‘ಸ್ಮಾರ್ಟ್‌ಹಿಸ್ಟರಿ’ ಇದರ ಎದುರು ತುದಿ. ಕಲಾಕೃತಿಯೊಂದರ ಮುಂದೆ ಇಬ್ಬರು ತಜ್ಞರು ಹರಟಿದಂತೆ ಮಾತಾಡುವ ವಿಡಿಯೊಗಳು ಅಲ್ಲಿವೆ. ನನ್ನ ಓದಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಮಕ್ಕಳಿಗೆ ತೋರಿಸುವುದಿಲ್ಲ.

ಪರದೆಯ ಮೇಲೇ ಬರೆಯುವ ಸಾಧನಗಳಲ್ಲಿ ‘ಟಕ್ಸ್ ಪೇಂಟ್’ ಚಿಕ್ಕವರಿಗೆ ಸರಿ. 2002ರಿಂದಲೂ ಉಚಿತ, ಅಂತರ್ಜಾಲ ಬೇಡ, ಉಳಿಸುವಾಗ ಕಡತಕ್ಕೆ ಹೆಸರು ಕೇಳುವುದಿಲ್ಲ. ಸದ್ದನ್ನು ಮಾತ್ರ ಮೊದಲೇ ನಿಲ್ಲಿಸಿಬಿಡಿ. ಆದರೆ ಬಣ್ಣ ಬೆರೆಸುವುದನ್ನು ಪರದೆಯಲ್ಲಿ ಕಲಿಸಲು ಹೋಗಬೇಡಿ. ಪರದೆಯದು ಬೆಳಕಿನ ಲೆಕ್ಕ: ಅಲ್ಲಿ ಕೆಂಪು ಬೆಳಕೂ ಹಸಿರು ಬೆಳಕೂ ಸೇರಿ ಹಳದಿಯಾಗುತ್ತದೆ. ತಟ್ಟೆಯಲ್ಲಿ ಅದೇ ಎರಡು ಬಣ್ಣ ಬೆರೆಸಿದರೆ ಕೆಸರು. ಕುಂಚಕ್ಕೆ ಎಷ್ಟು ನೀರು ಹೆಚ್ಚಾದರೆ ಹಾಳೆ ಉಬ್ಬುತ್ತದೆ ಎಂಬುದನ್ನೂ ಅದು ಹೇಳಿಕೊಡಲಾರದು.

2016ರಲ್ಲಿ ಬಂದ ಗೂಗಲ್‌ನ ‘ಕ್ವಿಕ್, ಡ್ರಾ!’ ಮಕ್ಕಳಿಗೆ ಹುಚ್ಚು ಹಿಡಿಸುವ ಆಟ. ಇಪ್ಪತ್ತು ಸೆಕೆಂಡಿನಲ್ಲಿ ಬಿಡಿಸಿದ್ದನ್ನು ಯಂತ್ರ ಊಹಿಸುತ್ತದೆ. ಚಿತ್ರಕಲೆಯ ಪಾಠವಾಗಿ ನೋಡಿದರೆ ಇದು ತಿರುಗುಮುರುಗು: ಎಲ್ಲರೂ ಬರೆಯುವಂತೆ ಬರೆದವರೇ ಗೆಲ್ಲುತ್ತಾರೆ. ಲೋಟ ಎಂದರೆ ಪಕ್ಕದಿಂದ ಕಂಡಂತೆ, ಒಂದು ಹಿಡಿಯೊಂದಿಗೆ. ಹಾಗಾಗಿ ಅದನ್ನು ಆಡಿಸಿದ ಕೂಡಲೇ ನಿಜವಾದ ಲೋಟವನ್ನು ಮೇಜಿನ ಮೇಲಿಟ್ಟು, ಹಿಡಿ ಕಾಣದ ಕಡೆ ಕೆಲವರನ್ನು ಕೂರಿಸಿ ಬರೆಸುತ್ತೇನೆ. ‘ಹಿಡಿ ಬರೆಯಲೇ, ಬೇಡವೇ?’ ಎಂದು ಕೇಳಿಯೇ ಕೇಳುತ್ತಾರೆ.

ಇಳಿಸಿ ಮುದ್ರಿಸುವ ಬಣ್ಣ ತುಂಬುವ ಹಾಳೆಗಳ ತಾಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದಂತೂ ಹಾಳೆ ಕೊಡುವ ಮೊದಲು ಮಿಂಚಂಚೆ ವಿಳಾಸ ಕೇಳಿತು, ಆಮೇಲೆ ಬಂದ ಪತ್ರಗಳಲ್ಲಿ ಚಿತ್ರಕಲೆ ಒಂದನ್ನು ಬಿಟ್ಟು ಉಳಿದೆಲ್ಲ ಇತ್ತು.

ಪ್ರೊಜೆಕ್ಟರ್ ಇಲ್ಲದೆ ಬರಿಯ ಮೊಬೈಲ್ ಇರುವವರು ಮೆಟ್‌ನಿಂದ ‘ದೊಡ್ಡ ಅಲೆ’ಯನ್ನು ಇಳಿಸಿಕೊಂಡು ಎ3 ಹಾಳೆಯ ಮೇಲೆ ಬಣ್ಣದಲ್ಲಿ ಮುದ್ರಿಸಿ, ಅಂಚು ಕತ್ತರಿಸಿ 26 ಮತ್ತು 38 ಸೆಂಟಿಮೀಟರ್ ಅಳತೆಗೆ ತಂದುಕೊಳ್ಳಲಿ. ನಾಲ್ಕೈದು ಪ್ರತಿ ಮಾಡಿಸಿದರೆ ಇಡೀ ತರಗತಿ ಗುಂಪುಗುಂಪಾಗಿ ಕುಳಿತು ನೋಡಬಹುದು. ಮೊದಲ ಪ್ರಶ್ನೆಯಾಗಿ ದೋಣಿಗಳೆಷ್ಟು ಎಂದು ಕೇಳಿ. ಮೂರು ಇವೆ, ಮೂರನೆಯದು ಸುಲಭಕ್ಕೆ ಸಿಗುವುದಿಲ್ಲ.