ಪಿನ್‌ಹೋಲ್ ಕ್ಯಾಮೆರಾದಲ್ಲಿ ಆರ್‌ಸಿ ಫೋಟೊ ಕಾಗದ: ಬೀದರಿನ ಮರಗಳೊಂದಿಗೆ ದೀರ್ಘಕಾಲದ ಬಳಕೆ

ಪ್ಲಾಸ್ಟಿಕ್ ಲೇಪವಿರುವ ಕಪ್ಪು-ಬಿಳುಪು ಆರ್‌ಸಿ (ರೆಸಿನ್ ಕೋಟೆಡ್) ಫೋಟೊ ಕಾಗದವನ್ನು ನಾನು ಪ್ರಿಂಟ್ ಮಾಡುವುದಕ್ಕಷ್ಟೇ ಅಲ್ಲದೆ, ಮಸೂರದ ಬದಲು ಸೂಜಿಮೊನೆಯಷ್ಟು ರಂಧ್ರವಿರುವ ಮರದ ಪಿನ್‌ಹೋಲ್ ಕ್ಯಾಮೆರಾದೊಳಗೆ ಫಿಲ್ಮಿನ ಬದಲಾಗಿ ನೆಗೆಟಿವ್ (ಬೆಳಕು ಕಪ್ಪಾಗಿ, ನೆರಳು ಬಿಳಿಯಾಗಿ ಮೂಡುವ ಹಾಳೆ) ಆಗಿಯೂ ಬಳಸುತ್ತ ಬಂದಿದ್ದೇನೆ. ಎಂಟು-ಹತ್ತು ಇಂಚಿನ ಹಾಳೆಯನ್ನು ನಾಲ್ಕಾಗಿ ಕತ್ತರಿಸಿದರೆ ನನ್ನ ಖರ್ಚು ಹಿಡಿತದಲ್ಲಿರುತ್ತದೆ. ಆದರೆ ಈ ಕಾಗದವನ್ನು ನಾನು ಮೆಚ್ಚಿದ್ದು ಅದಕ್ಕೆ ಕೆಂಪು ಬಣ್ಣ ಕಾಣದೆ ಇರುವುದರಿಂದ. ಯುಗಾದಿಯ ಆಸುಪಾಸಿನಲ್ಲಿ ಅರಳಿಮರ ಬಿಡುವ ತಾಮ್ರವರ್ಣದ ಚಿಗುರು ಕೊನೆಯ ಪ್ರಿಂಟಿನಲ್ಲಿ ಗಾಢವಾಗಿ ಕಪ್ಪಾಗುತ್ತದೆ. ಕೋಟೆಯ ಜಂಬಿಟ್ಟಿಗೆ ಗೋಡೆಯೂ ಅದೇ ಕಪ್ಪಿಗೆ ಸೇರಿಕೊಂಡು, ಕೊಂಬೆಗೂ ಗೋಡೆಗೂ ನಡುವಿನ ಗಡಿಯೇ ಅಳಿದುಹೋಗುತ್ತದೆ. ಎಫ್/200ರ ಆಸುಪಾಸಿನ, ಅಂದರೆ ಬಹಳ ಕಿರಿದಾದ, ರಂಧ್ರಕ್ಕೆ ಒಳ್ಳೆಯ ಬಿಸಿಲಿನಲ್ಲಿಯೂ ಅರ್ಧ ನಿಮಿಷದಷ್ಟು ಬೆಳಕು ಬೇಕಾಗುವುದರಿಂದ, ಗಾಳಿಗೆ ಆಡುವ ಎಲೆಗಳು ಹೊಗೆಯಾಗಿ ಹರಡಿ ಕಾಂಡ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ.

ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕಿನ ನೀರು ರಾತ್ರಿಯೂ ಬಿಸಿಯಾಗಿಯೇ ಇರುತ್ತದೆ, ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್‌ಗೆ ಬೇಕಾದದ್ದೋ 20 ಡಿಗ್ರಿ. ಆದ್ದರಿಂದ ಸಂಜೆಯೇ ಮಣ್ಣಿನ ಗಡಿಗೆ ತುಂಬಿ, ಒದ್ದೆ ಬಟ್ಟೆ ಸುತ್ತಿ ಕಿಟಕಿಯಲ್ಲಿಡುತ್ತೇನೆ. ಊಟವಾದ ಮೇಲೆ ಸ್ನಾನದ ಮನೆಯ ಬಾಗಿಲ ಸಂದಿಗೆ ಕಂಬಳಿ ತುರುಕಿ, ಕೆಂಪು ದೀಪ ಹಚ್ಚಿ, ಆ ನೀರಿನಲ್ಲಿ ಡೆವಲಪರ್ ಬೆರೆಸುತ್ತೇನೆ. ಇಷ್ಟು ಮಾಡಿದರೂ 20 ಡಿಗ್ರಿ ಸಿಗುವುದಿಲ್ಲವಾದರೂ, ಚಿತ್ರ ಮಂಕಾಗದಷ್ಟು ತಂಪು ಸಿಗುತ್ತದೆ. ಡೆವಲಪರ್‌ನಲ್ಲಿ ಚಿತ್ರ ಅರ್ಧ ಮೂಡಿದಾಗ ಕ್ಷಣಮಾತ್ರ ಬಿಳಿ ಬೆಳಕು ತೋರಿಸಿದರೆ, ಕೆಲವು ಹಾಳೆಗಳಲ್ಲಿ ಕೊಂಬೆಗೂ ಆಕಾಶಕ್ಕೂ ನಡುವೆ ತೆಳುವಾದ ಗೆರೆಯೊಂದು ಏಳುತ್ತದೆ. ಛಾಯಾಗ್ರಾಹಕರಾದ ಮ್ಯಾನ್ ರೇ ಮತ್ತು ಲೀ ಮಿಲ್ಲರ್ ಪ್ರಸಿದ್ಧಗೊಳಿಸಿದ ಈ ವಿಧಾನ ಹುಣಸೆಯ ಸಣ್ಣ ಎಲೆಗಳಿಗಿಂತ ಆಲದ ಬಿಳಲುಗಳಿಗೆ ಚೆನ್ನಾಗಿ ಒಪ್ಪುತ್ತದೆ.

ನನ್ನ ದೂರು ಕಾಗದದ ಬೆನ್ನಿನ ಬಗ್ಗೆ. ನಾನು ತರಿಸುವ ಕಾಗದದ ಹಿಂಬದಿಯಲ್ಲಿ ತಯಾರಕರ ಹೆಸರು ಓರೆಯಾಗಿ ಅಚ್ಚಾಗಿರುತ್ತದೆ. ನೆಗೆಟಿವ್ ಹಾಳೆಯನ್ನು ಹೊಸ ಕಾಗದದ ಮೇಲೆ ಒತ್ತಿಟ್ಟು, ಅದರ ಮೂಲಕವೇ ಬೆಳಕು ಹಾಯಿಸಿ ಕಾಂಟ್ಯಾಕ್ಟ್ ಪ್ರಿಂಟ್ ತೆಗೆಯುವಾಗ ಆ ಅಕ್ಷರಗಳು ಎಲೆಗಳ ಬೂದುಬಣ್ಣದ ನಡುವೆ ಬಂದು ಕೂರುತ್ತವೆ. ಆಕಾರ ಮತ್ತು ನೆರಳನ್ನೇ ನೆಚ್ಚಿದ ಅಮೂರ್ತ ಚಿತ್ರದಲ್ಲಿ ಓದಲು ಬರುವ ಒಂದೇ ಒಂದು ಅಕ್ಷರವಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಒಳ್ಳೆಯ ಹಾಳೆಗಳನ್ನು ಈ ಕಾರಣಕ್ಕೇ ಬದಿಗಿಡಬೇಕಾದಾಗ ನನಗೆ ನಿಜಕ್ಕೂ ನೋವಾಗಿದೆ.

ಪ್ಲಾಸ್ಟಿಕ್ ಲೇಪವೂ ಹಿಂಬದಿಯ ಅಚ್ಚೂ ಇಲ್ಲದ ಫೈಬರ್ ಕಾಗದ ಇದಕ್ಕೆ ಪರಿಹಾರ, ಆದರೆ ಅದು ದುಬಾರಿ. ಜೊತೆಗೆ ಆರ್‌ಸಿ ಎರಡು ನಿಮಿಷದಲ್ಲಿ ತೊಳೆದು ಮುಗಿದರೆ, ಫೈಬರ್‌ಗೆ ಹರಿಯುವ ನೀರು ಬಹಳ ಹೊತ್ತು ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಅಷ್ಟು ನೀರು ಚೆಲ್ಲಲು ನನಗೆ ಮನಸ್ಸಾಗದು. ಆದ್ದರಿಂದ ಬೇಸಿಗೆಯ ಚಿಗುರಿಗೆ ಆರ್‌ಸಿ, ಮಳೆ ಹಿಡಿದ ಮೇಲೆ ಫೈಬರ್ ಎಂದು ಹಂಚಿಕೊಂಡಿದ್ದೇನೆ. ಹಿಂಬದಿ ಖಾಲಿಯಿರುವ ಆರ್‌ಸಿ ಕಾಗದ ಈ ಬೆಲೆಗೆ ಸಿಕ್ಕ ದಿನ ಫೈಬರ್ ತರಿಸುವುದನ್ನು ನಿಲ್ಲಿಸುತ್ತೇನೆ.