ಕಮಿನೊಗೆ ಹೊರಟಿದ್ದೀರಾ? ಶೇರ್ ವ್ಯಾನಿಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ

ಸ್ಪೇನ್‌ನ ಸಾಂಟಿಯಾಗೊವರೆಗೆ ನಡೆದು ಹೋಗುವ ಕಮಿನೊ ಯಾತ್ರೆಗೆ ತಯಾರಾಗುವವರು ಶೂ, ಬ್ಯಾಗು, ಮಳೆ ಕೋಟು ಅಂತ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ನಡಿಗೆ ಶುರುವಾಗುವ ಊರಿಗೆ ಹೋಗಿ ಸೇರೋದು ಹೇಗೆ ಅನ್ನೋದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ನಮಗೆ ಮೋಸ ಆಗಿದ್ದು ಅಲ್ಲೇ, ವಿಮಾನ ಇಳಿದ ಮೇಲಿನ ಐವತ್ತು ಅರವತ್ತು ಕಿಲೋಮೀಟರಿನಲ್ಲಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕಮಿನೊ ದಾರಿಗಳಲ್ಲಿ ಹೆಚ್ಚು ಜನ ಹಿಡಿಯೋದು ಫ್ರೆಂಚ್ ದಾರಿ. ಪಿರೆನೀಸ್ ಬೆಟ್ಟದ ಬುಡದಲ್ಲಿ, ಫ್ರಾನ್ಸ್ ಕಡೆ ಇರುವ ಸ್ಯಾಂ-ಜಾಂ-ಪಿಯೆ-ದ-ಪೋರ್ ಅನ್ನುವ ಪುಟ್ಟ ಊರಿನಿಂದ ಸುಮಾರು 780 ಕಿಲೋಮೀಟರ್. ಈ ಊರಿಗೆ ವಿಮಾನ ನಿಲ್ದಾಣ ಇಲ್ಲ. ಹತ್ತಿರದ್ದು ಬಿಯಾರಿಟ್ಜ್. ಅಲ್ಲಿಂದ ಪಕ್ಕದ ಬಯೋನ್ ಊರಿಗೆ ಹೋಗಿ ರೈಲು ಹಿಡಿಯಬೇಕು, ಇಲ್ಲ ಅಂದ್ರೆ ಗಾಡಿ ಮಾಡಿಕೊಳ್ಳಬೇಕು. ಈ ನಡುವಿನ ಸಂದಿಯಲ್ಲೇ ದಲ್ಲಾಳಿಗಳು ಸೇರಿಕೊಂಡಿದ್ದಾರೆ.

ನಾನು, ನನ್ನ ಅಕ್ಕ ಇಬ್ಬರೂ ಹೊರಟಿದ್ದೆವು. ನಮ್ಮ ವಿಮಾನ ಇಳಿಯೋದು ಸಂಜೆ ಮೇಲೆ, ಅಷ್ಟರಲ್ಲಿ ಬಯೋನ್‌ನಿಂದ ಕೊನೆಯ ರೈಲು ಹೋಗಿರುತ್ತದೆ ಅಂತ ಮೊದಲೇ ನೋಡಿಕೊಂಡು ಒಂದು ವೆಬ್‌ಸೈಟಿನಲ್ಲಿ ಶೇರ್ ವ್ಯಾನ್ ಬುಕ್ ಮಾಡಿದ್ದೆವು. ಹೆಸರು ಹೇಳಲ್ಲ, ಇಂಥವು ಒಂದಲ್ಲ ಹತ್ತಿವೆ, ಒಂದು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ವ್ಯಾನು ನಮ್ಮದೇ, ವಿಮಾನ ತಡವಾದರೂ ಕಾಯುತ್ತೇವೆ, ಅರ್ಧ ದುಡ್ಡು ಈಗ ಕಾರ್ಡಿನಲ್ಲಿ ಕೊಡಿ, ಉಳಿದರ್ಧ ಡ್ರೈವರಿಗೆ ಕೊಡಿ ಅಂತ ಬರೆದಿತ್ತು. ವಿಮಾನದ ನಂಬರು, ಇಳಿಯುವ ಹೊತ್ತು, ಬ್ಯಾಗ್ ಎಷ್ಟು, ಕೇಳಿದ್ದನ್ನೆಲ್ಲ ಕೊಟ್ಟೆವು. ಖಾತ್ರಿ ಪತ್ರವೂ ಬಂತು.

ವಿಮಾನ ಸರಿಯಾದ ಹೊತ್ತಿಗೇ ಇಳಿಯಿತು. ಹೊರಗೆ ಬಂದರೆ ಯಾರೂ ಇಲ್ಲ. ಮೆಸೇಜ್ ಮಾಡಿದೆ. ಡ್ರೈವರ್ ಹತ್ತು ನಿಮಿಷದಲ್ಲಿ ಬರುತ್ತಾರೆ ಅಂತ ಉತ್ತರ. ಅರ್ಧ ಗಂಟೆ ಬಿಟ್ಟು ಕೇಳಿದರೂ ಅದೇ ಹತ್ತು ನಿಮಿಷ, ಅಕ್ಷರ ಕೂಡ ಬದಲಾಗಿಲ್ಲ. ಫೋನ್ ಮಾಡಿದರೆ ಎತ್ತಲ್ಲ. ಅಷ್ಟು ಹೊತ್ತಿಗೆ ಬ್ಯಾಗಿಗೆ ಕಮಿನೊ ಯಾತ್ರಿಕರ ಗುರುತಾದ ಕಡಲ ಚಿಪ್ಪು ಕಟ್ಟಿಕೊಂಡಿದ್ದ ಇನ್ನಿಬ್ಬರು ನಮ್ಮ ಹಾಗೇ ರಸ್ತೆ ಕಡೆ ನೋಡುತ್ತಾ ನಿಂತಿದ್ದು ಕಾಣಿಸಿತು. ಹೋಗಿ ಮಾತಾಡಿಸಿದೆ. ಅದೇ ವೆಬ್‌ಸೈಟು, ಅದೇ ಊರು. ಆದರೆ ಅವರಿಗೆ ಹೇಳಿದ್ದ ಹೊತ್ತೇ ಬೇರೆ, ರೇಟೇ ಬೇರೆ. ನಾಲ್ಕೂ ಜನ ಫೋನ್ ಪಕ್ಕಪಕ್ಕ ಹಿಡಿದು ನೋಡಿದಾಗ ವ್ಯಾನ್ ಅನ್ನೋದೇ ಇಲ್ಲ ಅಂತ ಅರ್ಥ ಆಯಿತು. ಮೊದಲು ಸೀಟು ಮಾರುತ್ತಾರೆ, ಆಮೇಲೆ ಆ ಹೊತ್ತಿಗೆ ಸಿಕ್ಕ ಗಾಡಿಯನ್ನು ಕಳಿಸುತ್ತಾರೆ.

ಕತ್ತಲಾದ ಮೇಲೆ ಒಂದು ಸಣ್ಣ ಕಾರು ಬಂತು. ಮೇಲೆ ಟ್ಯಾಕ್ಸಿ ದೀಪ ಇಲ್ಲ, ಗಾಜಿನ ಮೇಲೆ ಸ್ಟಿಕರ್ ಇಲ್ಲ. ಇಬ್ಬರು ಅಂತ ಹೇಳಿದ್ದರು, ನಾಲ್ಕು ಜನ ಎಲ್ಲಿಂದ ಬಂದಿರಿ ಅಂತ ಡ್ರೈವರ್ ನಮ್ಮನ್ನೇ ಕೇಳಿದ. ಅವನಿಗೆ ಬಂದಿದ್ದ ಮೆಸೇಜ್ ತೋರಿಸಿದ. ಅದರಲ್ಲಿ ನಮ್ಮ ಹೆಸರಿಲ್ಲ, ವಿಮಾನದ ನಂಬರಿಲ್ಲ. ವಿಮಾನ ನಿಲ್ದಾಣ, ಎರಡು ಜನ, 120 ಯೂರೋ, ಅಷ್ಟೇ. ನಾವು ಕಟ್ಟಿದ್ದ ಮುಂಗಡದ ವಿಷಯ ಅವನಿಗೆ ಗೊತ್ತೇ ಇಲ್ಲ, ಪೂರ್ತಿ ದುಡ್ಡು ಕೊಟ್ಟರೆ ಬರುತ್ತೇನೆ ಅಂದ. ನಾನು ವಾದಕ್ಕೆ ಇಳಿದೆ. ಅಕ್ಕ ತೋಳು ಹಿಡಿದು, "ಕತ್ತಲಾಯ್ತು ಕಣೋ, ಮೊದಲು ಊರು ಸೇರೋಣ" ಅಂದಳು. ನಾಲ್ಕು ಜನ ಬ್ಯಾಗುಗಳನ್ನು ತೊಡೆ ಮೇಲೆ ಇಟ್ಟುಕೊಂಡು ಒತ್ತಿಕೊಂಡು ಕೂತು, ತಲಾ 30 ಯೂರೋ ನಗದು ಕೊಟ್ಟು ಹೋದೆವು. ಕಾರ್ಡ್ ಬೇಡ ಅಂದ, ರಸೀದಿಯನ್ನೂ ಕೊಡಲಿಲ್ಲ. ಫ್ರಾನ್ಸಿನಲ್ಲಿ 25 ಯೂರೋ ದಾಟಿದ ಸೇವೆಗೆ ರಸೀದಿ ಕೊಡಲೇಬೇಕು ಅನ್ನುವ ನಿಯಮ ಇದೆ. ಆ ಹೊತ್ತಲ್ಲಿ, ಆ ರಸ್ತೆಯಲ್ಲಿ ನಿಯಮ ಹೇಳಿ ಏನು ಮಾಡೋದು?

ದುಡ್ಡಿಗಿಂತ ಜಾಸ್ತಿ ಸಿಟ್ಟು ಬಂದಿದ್ದು ಮರುದಿನ. ಯಾತ್ರಿಕರ ತಂಗುಮನೆಗಳು ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ಬಾಗಿಲು ಹಾಕುತ್ತವೆ. ನಾವು ದಾರಿಯಿಂದಲೇ ಫೋನ್ ಮಾಡಿದ್ದಕ್ಕೆ ನಮ್ಮ ತಂಗುಮನೆಯ ಹೆಂಗಸು ಎದ್ದು ಕೂತಿದ್ದರು, ಪುಣ್ಯಾತ್ಗಿತ್ತಿ. ಇನ್ನಿಬ್ಬರ ತಂಗುಮನೆಯ ಬಾಗಿಲು ಮುಚ್ಚಿತ್ತು, ಅವರು ಹೋಟೆಲ್ ರೂಮಿಗೆ ಬೇರೆ ದುಡ್ಡು ಸುರಿದರು. ಬೆಳಗ್ಗೆ ಎದ್ದರೆ ಇಡೀ ಯಾತ್ರೆಯಲ್ಲೇ ಕಷ್ಟದ ದಿನ. ಬೆಟ್ಟದಾಚೆ ಸ್ಪೇನ್ ಕಡೆಯ ರೊನ್ಸೆಸ್ವಾಯೆಸ್‌ವರೆಗೆ ಸುಮಾರು 25 ಕಿಲೋಮೀಟರ್, ಬೆಟ್ಟದ ನೆತ್ತಿ 1,400 ಮೀಟರಿಗೂ ಮೇಲೆ. ಎಂಟು ಕಿಲೋಮೀಟರ್ ಹತ್ತಿ ದಾರಿ ನಡುವಿನ ಒರಿಸೋನ್ ತಂಗುಮನೆ ತಲುಪುವಷ್ಟರಲ್ಲೇ ನಿದ್ದೆಗೆಟ್ಟ ಅಕ್ಕನ ಕಾಲು ನಡುಗುತ್ತಿತ್ತು. ಅಲ್ಲಿ ಹಾಸಿಗೆಗಳೆಲ್ಲ ಮೊದಲೇ ಬುಕ್ ಆಗಿದ್ದವು. ಮಂಜಿನಲ್ಲಿ ಅವಳು ಎರಡು ಹೆಜ್ಜೆಗೊಮ್ಮೆ ಕೋಲಿಗೆ ಒರಗಿ ನಿಲ್ಲುತ್ತಿದ್ದಳು, ನನಗೆ ಜೀವ ಬಾಯಿಗೆ ಬಂದಿತ್ತು. ಬೆಟ್ಟ ಹತ್ತುವವರ ಹಿಂದಿನ ರಾತ್ರಿಯನ್ನು ಹೀಗೆ ಹಾಳು ಮಾಡೋದು ಸಣ್ಣ ಮೋಸ ಅಲ್ಲ.

ಡ್ರೈವರ್ ಮೇಲೆ ನನಗೆ ಅಷ್ಟು ಕೋಪ ಇಲ್ಲ. ಅವನಿಗೂ ಸುಳ್ಳೇ ಹೇಳಿದ್ದರು. ತೊಂದರೆ ಇರೋದು ದುಡ್ಡು ತಗೊಳ್ಳೋರು ಒಬ್ಬರು, ಗಾಡಿ ಓಡಿಸೋರು ಇನ್ನೊಬ್ಬರು ಆಗಿರೋದರಲ್ಲಿ. ಆದ್ದರಿಂದ ಬುಕ್ ಮಾಡುವ ಮೊದಲೇ ಬರಹದಲ್ಲಿ ಕೇಳಿ: ಗಾಡಿ ಯಾರದು, ಅದನ್ನು ಓಡಿಸುವ ಕಂಪನಿಯ ಹೆಸರೇನು, ಉಳಿದವರು ಬರದೇ ಹೋದರೆ ಖಾಲಿ ಸೀಟಿನ ದುಡ್ಡು ಯಾರು ಕೊಡಬೇಕು. ಈ ಕೊನೆಯ ಪ್ರಶ್ನೆಗೆ ನೇರ ಉತ್ತರ ಬರಲಿಲ್ಲ ಅಂದ್ರೆ ಬಿಟ್ಟುಬಿಡಿ. ನಿಜವಾಗಿ ಗಾಡಿ ಇಟ್ಟುಕೊಂಡವರು ಇದಕ್ಕೆಲ್ಲ ಒಂದೇ ಸಾಲಿನಲ್ಲಿ ಉತ್ತರ ಕೊಡುತ್ತಾರೆ, ಅಂಥ ಒಳ್ಳೆಯವರೂ ಆ ದಾರಿಯಲ್ಲಿ ಇದ್ದಾರೆ. ಹಿಂದಿನ ದಿನವೇ ಡ್ರೈವರ್ ನಂಬರು, ಗಾಡಿ ನಂಬರು ತರಿಸಿಕೊಳ್ಳಿ. ಎಲ್ಲಕ್ಕಿಂತ ಒಳ್ಳೆಯದು ಅಂದ್ರೆ ನೀವು ಮಲಗುವ ತಂಗುಮನೆಯವರನ್ನೇ ಕೇಳೋದು. ಊರಿನ ಟ್ಯಾಕ್ಸಿಯವರು ಯಾರು, ಯಾರನ್ನು ನಂಬಬಹುದು ಅನ್ನೋದು ಅವರಿಗೆ ಗೊತ್ತಿರುತ್ತದೆ.

ಫ್ರಾನ್ಸಿನಲ್ಲಿ ಪರವಾನಗಿ ಇರುವ ಟ್ಯಾಕ್ಸಿ ಮೇಲೆ ದೀಪದ ಫಲಕ, ಒಳಗೆ ಮೀಟರ್ ಇರುತ್ತದೆ, ಕಾರ್ಡ್ ತಗೊಳ್ಳಲೇಬೇಕು. ಮೊದಲೇ ಬುಕ್ ಮಾಡುವ ಖಾಸಗಿ ಕಾರಿನ ಗಾಜಿನ ಮೇಲೆ ಸ್ಟಿಕರ್ ಇರಬೇಕು. ಎರಡೂ ಕಾಣದಿದ್ದರೆ ಹತ್ತಬೇಡಿ ಅಂತ ಹೇಳೋದು ಸುಲಭ. ರಾತ್ರಿ ಹೊತ್ತಲ್ಲಿ ಬೇರೆ ದಾರಿ ಇಲ್ಲದಿದ್ದಾಗ ಏನು ಮಾಡಬೇಕು ಅನ್ನೋದೇ ಕಷ್ಟ. ಅದಕ್ಕೇ ಆ ಪರಿಸ್ಥಿತಿಯೇ ಬರದ ಹಾಗೆ ಹೊತ್ತು ಹೊಂದಿಸಿಕೊಳ್ಳಿ. ವಿಮಾನ ಸಂಜೆ ಇಳಿಯೋದಾದರೆ ಆ ರಾತ್ರಿ ಬಯೋನ್‌ನಲ್ಲೇ ಉಳಿಯಿರಿ. ವಿಮಾನ ನಿಲ್ದಾಣದಿಂದ ಅಲ್ಲಿಗೆ ಊರಿನ ಬಸ್ಸೇ ಹೋಗುತ್ತದೆ. ಬೆಳಗ್ಗೆ ರೈಲು ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಸ್ಯಾಂ ಜಾಂ, ನಿವ್ ನದಿ ಪಕ್ಕದಲ್ಲೇ ದಾರಿ, ಟಿಕೆಟ್ ಹತ್ತು ಯೂರೋ ಆಸುಪಾಸು. ಇದು ಪ್ರಾದೇಶಿಕ ರೈಲು, ಅವತ್ತೇ ಟಿಕೆಟ್ ತಗೊಂಡರೂ ರೇಟ್ ಏರಲ್ಲ. ಒಮ್ಮೊಮ್ಮೆ ಹಳಿ ಕೆಲಸ ಅಂತ ರೈಲಿನ ಬದಲು ಬಸ್ ಬಿಡುತ್ತಾರೆ, ಟಿಕೆಟ್ ಅದೇ. ಮುಷ್ಕರ ಇದ್ದರೆ ಯಾವ ರೈಲು ಓಡುತ್ತದೆ ಅನ್ನೋದನ್ನು ಹಿಂದಿನ ಸಂಜೆ ಪ್ರಕಟಿಸುತ್ತಾರೆ, ಆಗ ಒಮ್ಮೆ ನೋಡಿಕೊಳ್ಳಿ.

ಮ್ಯಾಡ್ರಿಡ್ ಕಡೆಯಿಂದ ಬರುವವರು ಪಾಂಪ್ಲೋನಾದಿಂದ ಬಸ್ ನೋಡಿ. ಆದರೆ ಗಡಿ ದಾಟಿ ಸ್ಯಾಂ ಜಾಂಗೆ ಹೋಗುವ ಬಸ್ ವರ್ಷವಿಡೀ ಇರಲ್ಲ, ನಿಮ್ಮ ತಾರೀಖಿಗೆ ಇದೆಯಾ ಅಂತ ನೋಡಿಯೇ ವಿಮಾನ ಬುಕ್ ಮಾಡಿ. ಜುಲೈ 6ರಿಂದ 14ರವರೆಗೆ ಪಾಂಪ್ಲೋನಾದಲ್ಲಿ ಸ್ಯಾನ್ ಫೆರ್ಮಿನ್ ಹಬ್ಬ, ರೂಮು ಸಿಗೋದೇ ಕಷ್ಟ. ದಲ್ಲಾಳಿಗಳಿಗೆ ಸುಗ್ಗಿ ಅದೇ ಹೊತ್ತಲ್ಲಿ.

ನಮ್ಮ ದುಡ್ಡಿನ ಕಥೆ ಇಷ್ಟು. ಗಾಡಿ ಬಂದಿತ್ತಲ್ಲ, ಸೇವೆ ಕೊಟ್ಟಾಯಿತು ಅಂತ ಅವರು ಉತ್ತರ ಬರೆದರು. ಮೆಸೇಜುಗಳ ಚಿತ್ರ, ಖಾತ್ರಿ ಪತ್ರ, ಆ ಇನ್ನಿಬ್ಬರ ಬುಕಿಂಗ್ ಪ್ರತಿ ಎಲ್ಲ ಸೇರಿಸಿ ಬ್ಯಾಂಕಿಗೆ ದೂರು ಕೊಟ್ಟ ಮೇಲೆ ಕಾರ್ಡಿನಲ್ಲಿ ಕಟ್ಟಿದ್ದ ಮುಂಗಡ ವಾಪಸ್ ಬಂತು. ನಗದು ಹೋಯಿತು.

ಈಗಾಗಲೇ ಇಂಥ ಕಡೆ ಮುಂಗಡ ಕಟ್ಟಿದವರು ಇದ್ದರೆ ಇವತ್ತೇ ಅವರಿಗೆ ಬರೆದು ಗಾಡಿ ಯಾರದು ಅಂತ ಕೇಳಿ. ಉತ್ತರ ಬರದಿದ್ದರೆ ರದ್ದು ಮಾಡಿ. ದುಡ್ಡು ವಾಪಸ್ ಕೊಡಲ್ಲ ಅಂದ್ರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ತಕ್ಷಣ ದೂರು ಹಾಕಿ, ಅದಕ್ಕೆ ಗಡುವು ಇರುತ್ತದೆ, ಯಾತ್ರೆ ಮುಗಿಸಿ ಬಂದು ನೋಡೋಣ ಅಂದ್ರೆ ಮೀರಿ ಹೋಗಬಹುದು.